ಕ್ರಿಸ್ತನ ಪಂಕ್ತಿಯಲ್ಲಿ ಭೇದ ತಂದವರು ನಾವು

ಯೇಸುಸ್ವಾಮಿ ನಮ್ಮ ಪಾಪಗಳಿಗಾಗಿ ಪ್ರಾಣ ಕೊಟ್ಟರು ಎಂಬ ಮಾತನ್ನು ಈ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಹುಟ್ಟಿದವರು ತೊಟ್ಟಿಲಿನಿಂದಲೇ ಕೇಳುತ್ತಾ ಬಂದಿರುತ್ತೇವೆ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಂದು ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳಲ್ಲೂ ಮೊಣಕಾಲೂರುತ್ತೇವೆ. ಶುಭ ಶುಕ್ರವಾರ ಸಾಲಿನಲ್ಲಿ ನಿಂತು ಶಿಲುಬೆಗೆ ಮುತ್ತಿಡುತ್ತೇವೆ. ಆದರೆ ಆ ಮರಣದಿಂದ ನಮ್ಮ ಹೆಗಲಿಗೆ ಬಂದ ಹೊಣೆ ಯಾವುದು ಎಂದು ಕೇಳಿದರೆ, ಪ್ರಾರ್ಥನೆ, ಉಪವಾಸ, ಭಾನುವಾರ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಬಲಿಪೂಜೆ ಎಂಬಲ್ಲಿಗೆ ಹೆಚ್ಚಿನವರ ಉತ್ತರ ಮುಗಿಯುತ್ತದೆ. ನನಗೆ ಆ ಉತ್ತರ ಸಾಲದು. ಹಲವು ದಿನಗಳಿಂದ ಮನಸ್ಸಿನಲ್ಲಿ ಕುದಿಯುತ್ತಿರುವುದನ್ನು ಬರೆಯುತ್ತಿದ್ದೇನೆ, ಉದ್ದವಾದರೂ ದಯವಿಟ್ಟು ಓದಿ.

ಕಾರವಾರದಲ್ಲಿ ನಮ್ಮ ಧರ್ಮಕೇಂದ್ರದ ಮಕ್ಕಳಿಗೆ ಭಾನುವಾರ ಧರ್ಮೋಪದೇಶ ಕಲಿಸುತ್ತೇನೆ. ಹೊಸ ಒಡಂಬಡಿಕೆಯ, ಅಂದರೆ ದೇವರು ಯೇಸುವಿನ ಮೂಲಕ ಮನುಷ್ಯರ ಜೊತೆ ಮಾಡಿಕೊಂಡ ಹೊಸ ಒಪ್ಪಂದದ, ಪಾಠದ ದಿನ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಸ್ವಾಮಿ ನಮ್ಮ ಸಾಲವನ್ನೆಲ್ಲ ತೀರಿಸಿಯೇ ಬಿಟ್ಟಿದ್ದರೆ ನಾವು ಮಾಡಬೇಕಾದದ್ದು ಇನ್ನೇನು ಉಳಿದಿದೆ?" ಎಂದು ಕೇಳಿದಳು. ದೊಡ್ಡವರು ಕೇಳಲು ಹಿಂಜರಿಯುವ ಪ್ರಶ್ನೆ ಇದು. ಇದಕ್ಕೆ ಉತ್ತರ ಹುಡುಕುವವರು ಸೀನಾಯಿ ಬೆಟ್ಟದ ಬುಡದಿಂದ ಹೊರಡಬೇಕು.

ಬೈಬಲಿನ ವಿಮೋಚನಕಾಂಡದ 24ನೆಯ ಅಧ್ಯಾಯದಲ್ಲಿ, ಈಜಿಪ್ಟಿನ ಗುಲಾಮಗಿರಿಯಿಂದ ಇಸ್ರಯೇಲರನ್ನು ಅಲ್ಲಿಗೆ ಕರೆತಂದ ಮೋಶೆ ಹೋರಿಗಳನ್ನು ಬಲಿಕೊಡಿಸಿ, ರಕ್ತದ ಅರ್ಧವನ್ನು ಬಲಿಪೀಠದ ಮೇಲೆ ಎರಚುತ್ತಾನೆ, ಉಳಿದರ್ಧವನ್ನು ಬಟ್ಟಲುಗಳಲ್ಲಿ ತೆಗೆದಿಡುತ್ತಾನೆ. ಒಡಂಬಡಿಕೆಯ ಗ್ರಂಥವನ್ನು ಜನರ ಮುಂದೆ ಓದುತ್ತಾನೆ. ದೇವರು ಹೇಳಿದ್ದೆಲ್ಲವನ್ನೂ ಮಾಡುತ್ತೇವೆ ಎಂದು ಜನ ಒಕ್ಕೊರಲಿನಿಂದ ಮಾತು ಕೊಡುತ್ತಾರೆ. ಆಗ ಆ ಬಟ್ಟಲಿನ ರಕ್ತ ಅವರ ಮೇಲೆ ಬೀಳುತ್ತದೆ. ಮೋಶೆ ಬೆಟ್ಟ ಹತ್ತಿ ನಲವತ್ತು ದಿನ ಅಲ್ಲಿದ್ದು ಇಳಿದು ಬರುವಷ್ಟರಲ್ಲಿ ಅದೇ ಜನ ಬಂಗಾರದ ಕರುವಿನ ಮುಂದೆ ಕುಣಿಯುತ್ತಿದ್ದರು. ಕೊನೆಯ ಭೋಜನದಲ್ಲಿ ಯೇಸು ಪಾತ್ರೆಯನ್ನು ಕೈಗೆತ್ತಿಕೊಂಡು, ಇದು ನನ್ನ ರಕ್ತದಲ್ಲಾಗುವ ಹೊಸ ಒಡಂಬಡಿಕೆ ಎಂದಾಗ, ಅಲ್ಲಿದ್ದ ಯೆಹೂದ್ಯ ಶಿಷ್ಯರಿಗೆ ಸೀನಾಯಿ ನೆನಪಾಗದೆ ಇದ್ದಿರಲಾರದು. ಈ ಸಲ ರಕ್ತ ಹೋರಿಯದಲ್ಲ. ಒಡಂಬಡಿಕೆ ನಿಂತಿರುವುದೂ ಜನ ಕೊಟ್ಟ ಮಾತಿನ ಮೇಲಲ್ಲ, ಮುರಿದ ಮಾತಿನ ಬೆಲೆಯನ್ನು ತಾನೇ ತೆತ್ತವನ ಮೇಲೆ.

ಹಿಬ್ರಿಯರಿಗೆ ಬರೆದ ಪತ್ರದ ಹತ್ತನೆಯ ಅಧ್ಯಾಯದಲ್ಲಿ ನಾನು ಎಷ್ಟು ಓದಿದರೂ ತಣಿಯದ ಒಂದು ಚಿತ್ರವಿದೆ. ಹಳೆಯ ಯಾಜಕ ದಿನದಿನವೂ ನಿಂತುಕೊಂಡು ಅವೇ ಬಲಿಗಳನ್ನು ಅರ್ಪಿಸುತ್ತಿರುತ್ತಾನೆ, ಅವು ಎಂದಿಗೂ ಪಾಪವನ್ನು ತೊಡೆಯಲಾರವು. ಕ್ರಿಸ್ತನಾದರೋ ಒಂದೇ ಬಲಿಯನ್ನು ಅರ್ಪಿಸಿ ದೇವರ ಬಲಗಡೆ ಕುಳಿತನು. ಮೋಶೆಯ ಕಾಲದ ಆರಾಧನೆಯ ಗುಡಾರದಲ್ಲಿದ್ದ ವಸ್ತುಗಳ ಪಟ್ಟಿಯನ್ನು ನೋಡಿ: ಮೇಜು, ದೀಪಸ್ತಂಭ, ಧೂಪವೇದಿ, ದೇವರ ಕಟ್ಟಳೆಗಳನ್ನಿಟ್ಟ ಮಂಜೂಷ. ಯಾಜಕನಿಗೆ ಕುಳಿತುಕೊಳ್ಳಲು ಆಸನ ಮಾತ್ರ ಇಲ್ಲ. ಅವನ ಕೆಲಸ ಎಂದೂ ಮುಗಿಯುತ್ತಿರಲಿಲ್ಲ. ಕ್ರಿಸ್ತನದು ಮುಗಿಯಿತು. ನಮ್ಮ ಬಲಿಪೂಜೆಯೂ ಆ ಬಲಿಯನ್ನು ಮತ್ತೊಮ್ಮೆ ಕೊಡುವುದಲ್ಲ, ಆ ಒಂದೇ ಬಲಿ ನಮ್ಮ ಮುಂದೆ ಪ್ರತ್ಯಕ್ಷವಾಗುವುದು. ದಿನವೂ ಯೇಸುವನ್ನು ಬಲಿಕೊಡುತ್ತೀರಾ ಎಂದು ಬೇರೆ ಸಭೆಗಳ ಸ್ನೇಹಿತರು ಕೇಳಿದಾಗ ಇಷ್ಟು ಹೇಳಿದರೆ ಸಾಕು.

ಆದ್ದರಿಂದ ದೇವರ ಜೊತೆ ವ್ಯಾಪಾರಕ್ಕೆ ಇಳಿಯುವ ಅಗತ್ಯ ನಮಗಿಲ್ಲ. ಡಿಸೆಂಬರ್ 3ರಂದು ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬಕ್ಕೆ ಎಲ್ಲ ಧರ್ಮದವರೂ ಬಂದು ಮೇಣದಬತ್ತಿ ಹಚ್ಚುವುದು ನನಗೆ ಪ್ರಿಯವಾದ ನೋಟ. ಕೃತಜ್ಞತೆಯಿಂದ ಹಚ್ಚಿದ ಬತ್ತಿಗೆ ನನ್ನ ತಕರಾರಿಲ್ಲ. ಕ್ಷಮೆಯನ್ನು ಕೊಳ್ಳಲು ಮಾತ್ರ ಯಾರೂ ಮೇಣ ಉರಿಸಬೇಕಾಗಿಲ್ಲ.

ಹಾಗಾದರೆ ಉಳಿದಿರುವುದೇನು? ಹೊಸ ಒಡಂಬಡಿಕೆ ಎಂಬ ಮಾತನ್ನು ಯೇಸುವಿಗಿಂತ ಆರು ನೂರು ವರ್ಷಗಳಷ್ಟು ಹಿಂದೆ ಆಡಿದವನು ಪ್ರವಾದಿ ಯೆರೆಮೀಯ. ಅವನ ಗ್ರಂಥದ 31ನೆಯ ಅಧ್ಯಾಯದಲ್ಲಿ ದೇವರು ಹೇಳುತ್ತಾರೆ: ನನ್ನ ಕಟ್ಟಳೆಯನ್ನು ಅವರ ಹೃದಯದಲ್ಲಿ ಬರೆಯುವೆನು, ಚಿಕ್ಕವರು ಮೊದಲುಗೊಂಡು ದೊಡ್ಡವರವರೆಗೆ ಎಲ್ಲರೂ ನನ್ನನ್ನು ಅರಿಯುವರು, ಅವರ ಪಾಪವನ್ನು ನೆನಪಿಗೆ ತಂದುಕೊಳ್ಳೆನು. ಈ ವಚನಗಳನ್ನು ನಾವು ತಪಸ್ಸುಕಾಲದಲ್ಲಿ ಕೇಳಿ ತಲೆದೂಗುತ್ತೇವೆ. ಮೂರೇ ಅಧ್ಯಾಯ ಮುಂದೆ ಹೋದರೆ ಎದೆ ನಡುಗಿಸುವ ಘಟನೆಯೊಂದಿದೆ, ಅದನ್ನು ಪ್ರವಚನದಲ್ಲಿ ನಾನು ಕೇಳಿಯೇ ಇಲ್ಲ.

ಕ್ರಿಸ್ತಪೂರ್ವ 588ರ ಸುಮಾರಿಗೆ ಬಾಬಿಲೋನಿನ ಸೈನ್ಯ ಜೆರುಸಲೇಮಿಗೆ ಮುತ್ತಿಗೆ ಹಾಕಿತ್ತು. ಹೆದರಿದ ಅರಸ ಚಿದ್ಕೀಯನೂ ಊರಿನ ದೊಡ್ಡವರೂ ದೇವಾಲಯದಲ್ಲಿ ಒಡಂಬಡಿಕೆ ಮಾಡಿಕೊಂಡು ತಮ್ಮ ಮನೆಯ ಗುಲಾಮರಿಗೆಲ್ಲ ಬಿಡುಗಡೆ ಕೊಟ್ಟರು. ಕರುವನ್ನು ಎರಡು ಹೋಳು ಮಾಡಿ ಅದರ ನಡುವೆ ಹಾದುಹೋದರು. ಅಷ್ಟರಲ್ಲಿ ಈಜಿಪ್ಟಿನ ಸೈನ್ಯ ಬರುತ್ತಿದೆಯೆಂದು ತಿಳಿದು ಬಾಬಿಲೋನಿನವರು ಮುತ್ತಿಗೆ ತೆಗೆದರು. ಅಪಾಯ ದಾಟಿತೆಂದುಕೊಂಡ ದೊಡ್ಡವರು ಬಿಟ್ಟ ಗುಲಾಮರನ್ನು ಮತ್ತೆ ಎಳೆತಂದು ದುಡಿಸಿಕೊಂಡರು. ನೀವು ನನ್ನ ಹೆಸರಿಗೆ ಕಳಂಕ ತಂದಿರಿ ಎಂದು ದೇವರು ಯೆರೆಮೀಯನ ಬಾಯಿಂದ ಗುಡುಗಿದ್ದು ಇದಕ್ಕೆ. ಅದೇ ಗ್ರಂಥದ 22ನೆಯ ಅಧ್ಯಾಯವೂ ಇದನ್ನೇ ಹೇಳುತ್ತದೆ. ಅರಸ ಯೆಹೋಯಾಕೀಮ ಕೂಲಿ ಕೊಡದೆ ದುಡಿಸಿ, ದೇವದಾರು ಹೊದೆಸಿ, ಕೆಂಬಣ್ಣ ಬಳಿದು ಅರಮನೆ ಕಟ್ಟಿಸುತ್ತಿದ್ದ. ನಿನ್ನ ತಂದೆ ದೀನದರಿದ್ರರ ವ್ಯಾಜ್ಯವನ್ನು ನ್ಯಾಯವಾಗಿ ತೀರಿಸಿದ, ನನ್ನನ್ನು ಅರಿಯುವುದು ಎಂದರೆ ಅದೇ ಅಲ್ಲವೇ ಎಂದು ದೇವರು ಅವನನ್ನು ಕೇಳುತ್ತಾರೆ. ಹೊಸ ಒಡಂಬಡಿಕೆಯಲ್ಲಿ ಎಲ್ಲರೂ ನನ್ನನ್ನು ಅರಿಯುವರು ಎಂದ ಬಾಯೇ ಇದನ್ನೂ ಹೇಳಿದ್ದು. ಹೃದಯದಲ್ಲಿ ಬರೆದ ಕಟ್ಟಳೆಯಲ್ಲಿ ಕೂಲಿಯವನ ಲೆಕ್ಕವೂ ಇದೆ.

ಇದು ಹಳೆಯ ಒಡಂಬಡಿಕೆಯ ಮಾತು, ನಾವು ಕೃಪೆಯ ಕೆಳಗಿದ್ದೇವೆ ಎನ್ನುವವರು ಯೇಸುವಿನ ಪ್ರೇಷಿತ ಪೌಲ ಮೊದಲ ಕ್ರೈಸ್ತ ಸಭೆಗಳಿಗೆ ಬರೆದ ಪತ್ರಗಳನ್ನು ತೆರೆಯಲಿ. ಕೊರಿಂಥದ ಸಭೆಯಲ್ಲಿ ಪ್ರಭುವಿನ ಭೋಜನಕ್ಕೆ ಸೇರಿದಾಗ ಉಳ್ಳವರು ಮೊದಲೇ ತಿಂದು ಕುಡಿದು ಮತ್ತರಾಗುತ್ತಿದ್ದರು, ಬಡವರು ಹಸಿದುಕೊಂಡೇ ಇರುತ್ತಿದ್ದರು. ನೀವು ತಿನ್ನುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ ಎಂದುಬಿಟ್ಟ ಪೌಲ. ಅಯೋಗ್ಯವಾಗಿ ಪ್ರಸಾದ ಸ್ವೀಕರಿಸಬೇಡಿ, ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ ಎಂಬ ಮಾತು ಬಂದಿರುವುದು ಅಲ್ಲಿಯೇ. ನಾವು ಪರಮಪ್ರಸಾದಕ್ಕೆ ಹೋಗುವ ಮುನ್ನ ಕೋಪ, ಸುಳ್ಳು, ಕೆಟ್ಟ ಯೋಚನೆಗಳನ್ನು ಹುಡುಕಿಕೊಳ್ಳುತ್ತೇವೆ, ಸರಿಯೇ. ಆದರೆ ಪೌಲ ಎತ್ತಿ ಆಡಿದ ಪಾಪ ಪಂಕ್ತಿಭೇದ. ಅಂತಿಯೋಕ್ಯದಲ್ಲಿ ಯೇಸುವಿನ ಶಿಷ್ಯರಲ್ಲಿ ಮೊದಲಿಗನಾದ ಸಾಕ್ಷಾತ್ ಪೇತ್ರನೇ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಊಟ ಮಾಡುತ್ತಿದ್ದವನು ಕೆಲವರಿಗೆ ಹೆದರಿ ಪಂಕ್ತಿಯಿಂದ ಎದ್ದು ದೂರವಾದಾಗ, ಪೌಲ ಎಲ್ಲರೆದುರೇ ಅವನನ್ನು ತರಾಟೆಗೆ ತೆಗೆದುಕೊಂಡ. ಒಂದು ಊಟದಿಂದ ಎದ್ದುಹೋಗುವುದು ಅವನಿಗೆ ಶುಭಸಂದೇಶದ ಸತ್ಯಕ್ಕೇ ಮಾಡಿದ ಅಪಚಾರವಾಗಿ ಕಂಡಿತು.

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ. 1976ರಲ್ಲಿ ಬೆಳಗಾವಿಯಿಂದ ಬೇರೆಯಾದ ನಮ್ಮ ಕಾರವಾರ ಧರ್ಮಪ್ರಾಂತ್ಯದಲ್ಲಿ (ಒಬ್ಬ ಬಿಷಪರ ಆಡಳಿತದ ಪ್ರದೇಶದಲ್ಲಿ) ಕರಾವಳಿಯ ಕೊಂಕಣಿ ಮನೆಮಾತಿನವರಿದ್ದೇವೆ, ಘಟ್ಟದ ಮೇಲೆ ಕನ್ನಡದಲ್ಲಿ ಪ್ರಾರ್ಥಿಸುವವರಿದ್ದಾರೆ, ಹಳಿಯಾಳದ ಕಡೆ ಸಿದ್ದಿ ಕ್ರೈಸ್ತರಿದ್ದಾರೆ. ಸಿದ್ದಿಗಳ ಪೂರ್ವಿಕರಲ್ಲಿ ಹಲವರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ತಂದವು ಪೋರ್ಚುಗೀಸರ ಹಡಗುಗಳು. ಅಂದರೆ ಶಿಲುಬೆಯ ಗುರುತಿನ ಹಡಗುಗಳು. ಗೋವೆಯಿಂದ ತಪ್ಪಿಸಿಕೊಂಡು ಬಂದವರಿಗೆ ನಮ್ಮ ಕಾಡುಗಳು ನೆಲೆ ಕೊಟ್ಟವು. ಕ್ರಿಸ್ತನ ರಕ್ತದಿಂದ ಬಿಡುಗಡೆಯಾದೆವು ಎಂದು ಹಾಡಿದವರೇ ಮನುಷ್ಯರನ್ನು ಮಾರಿದರು. ಹಾಗೆ ಮಾರಾಟವಾದವರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದಿಗೂ ಆ ಕ್ರಿಸ್ತನನ್ನು ಕೈಬಿಡದೆ ಪೂಜೆಗೆ ಬರುತ್ತಿದ್ದಾರೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಧರ್ಮಪ್ರಾಂತ್ಯದ ಹಬ್ಬಕ್ಕೆ ಅವರು ಬಂದಾಗ ತಮ್ಮ ಡಮಾಮಿ ಡೋಲು ಬಾರಿಸಲು ಕರೆಯುತ್ತೇವೆ, ಫೋಟೋ ತೆಗೆದುಕೊಳ್ಳುತ್ತೇವೆ. ಊಟಕ್ಕೆ ಕುಳಿತಾಗ ಅವರ ಪಕ್ಕದ ಕುರ್ಚಿ ಖಾಲಿ ಉಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ.

ನಮ್ಮ ನಮ್ಮಲ್ಲೇ ಏನು ಕಡಿಮೆ? ಮದುವೆಯ ಮಾತುಕತೆಯಲ್ಲಿ ಹುಡುಗನ ಓದು, ಕೆಲಸ ಕೇಳಿದ ಮೇಲೆ ದನಿ ತಗ್ಗಿಸಿ, "ಅವರು ಯಾವ ಪೈಕಿ?" ಎಂದು ಕೇಳುವ ಹಿರಿಯರು ಪ್ರತಿ ವಾಡೆಯಲ್ಲೂ ಇದ್ದಾರೆ. ಜ್ಞಾನಸ್ನಾನ ಪಡೆದು ಎಷ್ಟೋ ತಲೆಮಾರು ಕಳೆದ ಮೇಲೂ ಆ ನೀರು ತೊಳೆಯಲಾಗದ್ದು ನಮ್ಮಲ್ಲಿ ಇದೆ ಎಂದಾದರೆ, ಅದನ್ನು ಸಂಪ್ರದಾಯ ಎಂದು ಕರೆದು ಸಮಾಧಾನ ಮಾಡಿಕೊಳ್ಳಲು ನಾನು ಸಿದ್ಧಳಿಲ್ಲ.

ಇನ್ನು ಕೂಲಿಯ ಮಾತು. ಜೂನ್ 1ರಿಂದ ಮೀನುಗಾರಿಕೆಗೆ ನಿಷೇಧ, ಆದ್ದರಿಂದ ಮೇ ತಿಂಗಳ ಕೊನೆಗೆ ಬೈತಖೋಲ್ ಬಂದರಿನಲ್ಲಿ ಹಂಗಾಮಿನ ಲೆಕ್ಕ ಮುಗಿಸುವ ಗಡಿಬಿಡಿ. ಒಡಿಶಾ, ಜಾರ್ಖಂಡಿನಿಂದ ಬಂದ ಹುಡುಗರು ಊರಿಗೆ ಹೊರಟಿರುತ್ತಾರೆ. ಅವರಲ್ಲಿ ಕೆಲವರ ಕೊರಳಲ್ಲಿ ನಮ್ಮ ಕೊರಳಲ್ಲಿರುವಂಥದೇ ಜಪಮಾಲೆ. ಅಂಥ ಒಬ್ಬ ಹುಡುಗನ ಲೆಕ್ಕ ಆಗುವಾಗ ನಾನು ಅಲ್ಲಿದ್ದೆ. ಮೀನಿನ ನೀರು ಬಿದ್ದು ಉಬ್ಬಿದ ನೋಟ್‌ಪುಸ್ತಕ, ಅದರಲ್ಲಿ ಮುಂಗಡ ಕೊಟ್ಟ ತಾರೀಖುಗಳ ಸಾಲು. ಬಲೆಯ ಹಗ್ಗಕ್ಕೆ ಸಿಕ್ಕಿ ಚರ್ಮ ಸುಲಿದ ಅಂಗೈಯನ್ನು ಹುಡುಗ ಅಂಗಿಗೆ ಒರೆಸಿಕೊಳ್ಳುತ್ತ ನಿಂತಿದ್ದ. ಮಾಲೀಕರು ಕೂಡಿಸಿ ಕಳೆದು, ಬಾಕಿಯ ಒಂದು ಭಾಗವನ್ನು ಎಣಿಸಿ ಕೊಟ್ಟು, ಉಳಿದದ್ದನ್ನು ಆಗಸ್ಟ್‌ನಲ್ಲಿ ವಾಪಸು ಬಂದಾಗ ಕೊಡುತ್ತೇನೆ ಎಂದರು. ಕೊಡಲು ಹಣವಿರಲಿಲ್ಲವೆಂದಲ್ಲ. ಪೂರ್ತಿ ಕೊಟ್ಟರೆ ಹುಡುಗ ಬೇರೆ ಬೋಟಿಗೆ ಹೋದಾನು ಎಂಬ ಭಯ. ಅವರು ಕೆಟ್ಟವರಲ್ಲ. ಡೀಸೆಲ್ ದರ, ಬ್ಯಾಂಕಿನ ಕಂತು, ಮೀನಿಲ್ಲದ ವಾರಗಳು ಅವರನ್ನೂ ಹಿಂಡುತ್ತವೆ, ಬೋಟು ಸಾಕುವ ಕಷ್ಟ ನನಗೆ ಗೊತ್ತಿದೆ. ಆದರೂ ತಡೆಹಿಡಿದ ಕೂಲಿ ತಾನೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಎಂದು ಯಕೋಬನ ಪತ್ರದ ಐದನೆಯ ಅಧ್ಯಾಯದಲ್ಲಿದೆ. ಬಿಟ್ಟವನನ್ನು ಮತ್ತೆ ಎಳೆದು ತರುವ ಹಗ್ಗವನ್ನು ಅವನದೇ ಬೆವರಿನ ದುಡ್ಡಿನಿಂದ ಹೊಸೆಯುವುದು ಚಿದ್ಕೀಯನ ಕಾಲದ ದೊಡ್ಡವರು ಮಾಡಿದ್ದಕ್ಕೆ ತೀರ ದೂರವೇನಲ್ಲ.

ಕಾರ್ಯಗಳಿಂದ ರಕ್ಷಣೆ ಸಿಗುತ್ತದೆಂದು ಹೇಳುತ್ತಿದ್ದೀರಾ ಎಂದು ಯಾರಾದರೂ ಕೇಳುವುದು ಖಂಡಿತ. ಇಲ್ಲ. ಬಾಕಿ ಚುಕ್ತಾ ಮಾಡಿದ ಮಾಲೀಕರಿಗೆ ಅದರಿಂದ ಸ್ವರ್ಗ ಸಿಗುವುದಿಲ್ಲ. ಸ್ವರ್ಗದ ಬಾಗಿಲು ಯೇಸು ಪ್ರಾಣ ಕೊಟ್ಟ ಕಲ್ವಾರಿಯಲ್ಲಿ ತೆರೆದಾಗಿದೆ, ಅದಕ್ಕೆ ನಮ್ಮ ಕಡೆಯಿಂದ ಚಿಕ್ಕಾಸೂ ಸಂದಿಲ್ಲ. ದೇವರಿಗೆ ಕೊಡಬೇಕಾದ ಸಾಲ ಇಲ್ಲವಾದ್ದರಿಂದಲೇ ಪಕ್ಕದವನಿಗೆ ಕೊಡಬೇಕಾದುದನ್ನು ಭಯವಿಲ್ಲದೆ ಕೊಡಬಹುದು. ಬಲಿಗಳೆಲ್ಲ ಮುಗಿದವು ಎಂದು ಸಾರಿದ ಹಿಬ್ರಿಯರ ಪತ್ರವೇ ಕೊನೆಯ ಅಧ್ಯಾಯದಲ್ಲಿ, ಉಪಕಾರ ಮಾಡುವುದನ್ನೂ ಇದ್ದುದನ್ನು ಹಂಚಿಕೊಳ್ಳುವುದನ್ನೂ ಮರೆಯಬೇಡಿ, ದೇವರು ಮೆಚ್ಚುವ ಬಲಿಗಳು ಇಂಥವೇ ಎನ್ನುತ್ತದೆ. ಆ ಹುಡುಗಿಗೆ ನಾನು ಕೊಟ್ಟ ಉತ್ತರವೂ ಇದೇ.

ಕೊನೆಯ ಭೋಜನದ ರಾತ್ರಿಯ ಬಗ್ಗೆ ಬರೆಯುವಾಗ ಉಳಿದ ಮೂವರು ಶುಭಸಂದೇಶಕಾರರು ರೊಟ್ಟಿ ಮತ್ತು ಪಾತ್ರೆಯನ್ನು ಹೇಳಿದರೆ, ಯೊವಾನ್ನ ಅವೆರಡನ್ನೂ ಬಿಟ್ಟು ಪಾದ ತೊಳೆದದ್ದನ್ನು ಹೇಳುತ್ತಾನೆ. ಆ ರಾತ್ರಿಯನ್ನು ನೆನೆಯುವ ಪವಿತ್ರ ಗುರುವಾರದಂದು, 2013ರಲ್ಲಿ, ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಕಾರಾಗೃಹಕ್ಕೆ ಹೋಗಿ ಹನ್ನೆರಡು ಮಂದಿಯ ಪಾದ ತೊಳೆದರು. ಅವರಲ್ಲಿ ಹುಡುಗಿಯರಿದ್ದರು, ಮುಸ್ಲಿಮರಿದ್ದರು. ನಮ್ಮಲ್ಲಿ ಅದೇ ದಿನ ಪಾದ ತೊಳೆಸಿಕೊಳ್ಳುವವರ ಹನ್ನೆರಡು ಕುರ್ಚಿಗಳಿಗೆ ಸಾಮಾನ್ಯವಾಗಿ ಊರಿನ ಗಣ್ಯರು, ಚೆನ್ನಾಗಿ ಇಸ್ತ್ರಿಯಾದ ಪ್ಯಾಂಟಿನವರು ಬಂದು ಕುಳಿತುಕೊಳ್ಳುತ್ತಾರೆ.

ಬರುವ ವರ್ಷದ ಪಟ್ಟಿಯಲ್ಲಿ ಬಂದರಿನ ಹುಡುಗರೂ ಇರಲಿ, ಹಳಿಯಾಳದಿಂದ ಬಂದು ಇಲ್ಲಿ ಮನೆಗೆಲಸ ಮಾಡುವ ಸಿದ್ದಿ ಹೆಣ್ಣುಮಕ್ಕಳೂ ಇರಲಿ ಎಂದು ನಮ್ಮ ಗುರುಗಳಿಗೂ ಪಾಲನಾ ಮಂಡಳಿಗೂ ಬರೆದು ಕೊಟ್ಟಿದ್ದೇನೆ. ಪೂಜೆಯಾದ ಮೇಲೆ ಎಲ್ಲರೂ ಅವರ ಜೊತೆ ಒಂದೇ ಸಾಲಿನಲ್ಲಿ ಕುಳಿತು ಗಂಜಿ ಊಟ ಮಾಡಬೇಕೆಂದೂ ಕೇಳಿದ್ದೇನೆ. ಗಂಜಿಯ ಖರ್ಚಿಗೆ ನಮ್ಮ ವಾಡೆಯ ಮೂರು ಮನೆಗಳು ಒಪ್ಪಿವೆ. ಬಡಿಸಲು ಬರುವವರು, ಅದಕ್ಕಿಂತ ಮುಖ್ಯವಾಗಿ ಜೊತೆಗೆ ಕುಳಿತು ಉಣ್ಣುವವರು, ದಯವಿಟ್ಟು ಹೆಸರು ಕೊಡಿ.