ಸ್ವಲ್ಪ ಸರೀರಿ, ವರದಿ ಮಾಡ್ಬೇಕು

ಮುಂಬಯಿಯ ಲೋಕಲ್ ಗಾಡಿಯಲ್ಲಿ ಸೀಟಿಗಾಗಿ ಜುಟ್ಟು ಹಿಡಿದುಕೊಂಡ ಇಬ್ಬರು ಹೆಂಗಸರ ವಿಡಿಯೋ ನಿಮಗೂ ಬಂದಿರುತ್ತದೆ. ನನಗೆ ಏಳು ಗ್ರೂಪುಗಳಿಂದ ಬಂತು, ಅದರಲ್ಲಿ ಒಂದು ನಮ್ಮ ಭಜನಾ ಮಂಡಳಿಯದು. ಒಂದರಲ್ಲಿ ಅದು ವಿರಾರ್ ಗಾಡಿ, ಇನ್ನೊಂದರಲ್ಲಿ ಕಲ್ಯಾಣ್, ಮೂರನೆಯದರಲ್ಲಿ 'ಕನ್ನಡತಿಗೆ ಅವಮಾನ, ಎಚ್ಚೆತ್ತುಕೊಳ್ಳಿ'. ಹೆಂಗಸರು ಬೈದಾಡಿದ್ದೋ ಮುಂಬಯಿ ಹಿಂದಿಯಲ್ಲಿ. ಆ ಹಿಂದಿ ಕೇಳಿ ಊರು ಪತ್ತೆ ಮಾಡಲು ಬ್ರಹ್ಮನಿಗೂ ಆಗದು.

ಕಂಡವರೆಲ್ಲ ಮೊಬೈಲಿನಲ್ಲಿ ಸುದ್ದಿ ಮಾಡಿ ಹಂಚುವ ಇದಕ್ಕೆ ನಾಗರಿಕ ಪತ್ರಿಕೋದ್ಯಮ ಅಂತ ಹೆಸರು. ಕನ್ನಡದಲ್ಲಿ 'ನಾಗರಿಕ' ಅಂದರೆ ಊರಲ್ಲಿ ವಾಸ ಇರುವವನೂ ಹೌದು, ಮರ್ಯಾದೆ ಬಲ್ಲವನೂ ಹೌದು. ಮೊದಲನೆಯ ಅರ್ಥಕ್ಕೆ ಮಾತ್ರ ಮೊಬೈಲು ಸಿಕ್ಕಿದೆ.

ಮಾಟುಂಗದಲ್ಲಿ ನನಗೆ ಪರಿಚಯದ ಶೆಟ್ಟರ ಹೋಟೆಲಿದೆ. ಕಳೆದ ವಾರ ಅಲ್ಲಿಗೆ ಬೈಕಿನ ಮೇಲೆ 'ಪ್ರೆಸ್' ಎಂದು ಅಂಟಿಸಿಕೊಂಡ ಹುಡುಗನೊಬ್ಬ ಬಂದ. ಕೈಯಲ್ಲಿ ಸ್ಪಂಜು ಸುತ್ತಿದ ಮೈಕು. ಸಾಂಬಾರಿನ ಬಟ್ಟಲಿಗೆ ಮೂಗು ತಾಗುವಷ್ಟು ಬಗ್ಗಿ ಕ್ಯಾಮೆರಾ ಹಿಡಿದ.

"ಇದೇನು, ನೂಲಿನ ಹಾಗೆ?"

"ನುಗ್ಗೆ ಮಾರಾಯ. ನುಗ್ಗೆಯ ಜಾತಕವೇ ಹಾಗೆ."

"ಜನ ಬೇರೆ ತಿಳ್ಕೊಳ್ತಾರೆ ಶೆಟ್ರೇ. ವಿಡಿಯೋ ಹಾಕದೆ ಇರಬೇಕಾದ್ರೆ ಏನಾದ್ರೂ ನೋಡುವ."

ಶೆಟ್ಟರು ಮಸಾಲೆ ದೋಸೆ ಕಟ್ಟಿಸಿ ಕೊಟ್ಟರು. ಸಂಜೆಯೊಳಗೆ 'ಮಾಟುಂಗದ ಹೆಮ್ಮೆ' ಎಂಬ ವಿಡಿಯೋ ಬಂತು. ತನಿಖಾ ವರದಿಗೆ ಇಂದಿನ ದರ ಒಂದು ಮಸಾಲೆ. ಚಟ್ನಿ ಎರಡು ಸಲ ಕೇಳಿದನಂತೆ.

ಇದೇ ಮುಂಬಯಿಯ ಫೋರ್ಟ್ ಭಾಗದಲ್ಲಿ ಕನ್ನಡದ ರಾತ್ರಿ ಶಾಲೆಗಳಿದ್ದವು. ಹಗಲಿಡೀ ಮೇಜು ಒರೆಸಿದ ಹೋಟೆಲ್ ಹುಡುಗರು ರಾತ್ರಿ ಕೂತು ಅಕ್ಷರ ಕಲಿತು ಊರಿಗೆ ಕಾಗದ ಬರೆಯುತ್ತಿದ್ದರು. ಅದರಲ್ಲೂ ಸುಳ್ಳಿತ್ತು, 'ನಾನಿಲ್ಲಿ ಸುಖವಾಗಿದ್ದೇನೆ' ಅಂತ. ಆದರೆ ಆಗ ಸುಳ್ಳಿಗೂ ಅಂಚೆಚೀಟಿ ಅಂಟಿಸಬೇಕಿತ್ತು, ಹಾಗಾಗಿ ಮನೆಗೊಂದರಂತೆ ಹೋಗುತ್ತಿತ್ತು.

ಟೀವಿಯವರನ್ನು ಹೊಗಳದಿದ್ದರೆ ತಪ್ಪಾದೀತು. ಇಡೀ ದಿನ ಆ ಜುಟ್ಟು ಜಗಳ ತಿರುಗಿಸಿ ತಿರುಗಿಸಿ ತೋರಿಸಿ, ಕೆಳಗೆ 'ವಿಡಿಯೋದ ಸತ್ಯಾಸತ್ಯತೆ ಖಚಿತಪಟ್ಟಿಲ್ಲ' ಎಂದು ಬರೆಯುತ್ತಾರೆ. ಹಾಲಿಗೆ ನೀರು ಬೆರೆತಿದೆಯೋ ನಮಗೆ ಗೊತ್ತಿಲ್ಲ ಎಂದು ಬೋರ್ಡು ಹಾಕಿ ಹಾಲು ಮಾರಿದ ಹಾಗೆ. ಎಂಥ ಪ್ರಾಮಾಣಿಕತೆ!

ಸಾಮಾನ್ಯನ ಕೈಗೆ ಕ್ಯಾಮೆರಾ ಬೇಡ ಅನ್ನುವವ ನಾನಲ್ಲ. 2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ಉಗ್ರರ ದಾಳಿಯಾದಾಗ ಕೊಲಾಬಾದ ಬೀದಿಯಿಂದ ಜನ ತೆಗೆದು ಹಾಕಿದ ಫೋಟೋಗಳನ್ನು ಜಗತ್ತೇ ನೋಡಿತು. ಆದರೆ 2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಏನಾಯಿತು? ಸೋಲಾಪುರ ಜಿಲ್ಲೆಯ ಮಂಗಳವೇಢೆ ಕಡೆಯಿಂದ ಭಿಕ್ಷೆಗೆ ಬಂದ ಅಲೆಮಾರಿಗಳನ್ನು ಮಕ್ಕಳ ಕಳ್ಳರೆಂದು ಬಡಿದು ಕೊಂದರು. ಐದು ಜನ. ಅಂಥ ಕಳ್ಳರ ಸುದ್ದಿ ಮೊದಲೇ ಫೋನುಗಳಲ್ಲಿ ಓಡಾಡುತ್ತಿತ್ತು. ಬಡಿಯುವುದನ್ನೂ ಯಾರೋ ನಿಂತು ಚಿತ್ರೀಕರಿಸಿಕೊಂಡರು, ಕೈ ಅಲುಗದ ಹಾಗೆ. ಅದೇ ತಿಂಗಳು ವಾಟ್ಸಾಪ್ ನಮ್ಮ ದೇಶಕ್ಕೆ ಫಾರ್ವರ್ಡಿನ ಮಿತಿ ಹಾಕಿತು. ಒಂದು ಸಲಕ್ಕೆ ಐದೇ ಚಾಟ್. ಐದು ಹೆಣ, ಐದು ಫಾರ್ವರ್ಡ್. ಇದರಲ್ಲಿ ವಿಡಂಬನೆ ಹುಡುಕಲು ನನ್ನಿಂದಾಗದು, ಸುಸ್ತಾಗಿದೆ.

ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ನಿವೃತ್ತ ರಾಯರೊಬ್ಬರಿದ್ದಾರೆ. ನಳ್ಳಿಯಲ್ಲಿ ನೀರು ಎಷ್ಟು ಗಂಟೆಗೆ ಬಂತು, ಎಷ್ಟಕ್ಕೆ ನಿಂತಿತು, ಬಣ್ಣ ಹೇಗಿತ್ತು ಎಂದು ನಾಲ್ಕು ವರ್ಷದಿಂದ ಉದ್ದ ಗೆರೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಒಂದು ದಿನವೂ ಬಿಟ್ಟಿಲ್ಲ. ಊರಿಗೆ ಹೋದಾಗ ಹೆಂಡತಿಯ ಕೈಬರಹ ಇದೆ. ನಿನ್ನೆ ನನ್ನನ್ನು ಮೆಟ್ಟಿಲಲ್ಲಿ ನಿಲ್ಲಿಸಿ, "ಇದನ್ನು ಸೊಸೈಟಿ ಗ್ರೂಪಿಗೆ ಹಾಕುವುದು ಹೇಗೆ ಮಾರಾಯ್ರೇ?" ಅಂದರು. ಹನ್ನೆರಡು ಪುಟದ ಫೋಟೋ ತೆಗೆದು ಹಾಕಿಕೊಟ್ಟೆ.

ಮೊದಲ ಉತ್ತರ, ಗುಲಾಬಿಯ ಮೇಲೆ 'ಶುಭೋದಯ'. ಎರಡನೆಯದು ಅದೇ ಇಬ್ಬರು ಹೆಂಗಸರು. ಈ ಸಲ ಪನ್ವೇಲ್ ಗಾಡಿ.