ಪಾಲಿಶ್ ಒಣಗುವ ತನಕ

ಎಲೆಕ್ಟ್ರಿಕ್ ಗಿಟಾರಿನ ಬಾಡಿ ಮಾಡಲು ಅಮೆರಿಕದವರು ಆಲ್ಡರ್, ಆ್ಯಶ್ ಮರ ಬಳಸುತ್ತಾರೆ. ನಮ್ಮ ಸಾಮಿಲ್ಲಿನಲ್ಲಿ ಆ ಹೆಸರು ಹೇಳಿದರೆ ತೇಗ ತೋರಿಸಿ ಅದರ ರೇಟು ಹೇಳಿದರು. ವೀಣೆಗೆ ಆಗುವ ಹಲಸು ಗಿಟಾರಿಗೆ ಯಾಕಾಗಬಾರದು ಅಂತ ಅದನ್ನೇ ತಂದೆ. ದಪ್ಪ 45 ಮಿಲಿಮೀಟರ್.

ಆಚಾರ್ರು ನಾನು ಕೊಟ್ಟ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದೇನ್ ಸಾರ್, ಈಳಿಗೆ ಮಣೆನಾ? ಕತ್ತಿ ಎಲ್ಲಿ ಕೂರುತ್ತೆ?" ಗಿಟಾರ್ ಅಂದೆ. "ಗಿಟಾರು ಒಳಗೆ ಟೊಳ್ಳಿರ್ಬೇಕಲ್ವಾ?" ಇದಕ್ಕೆ ಟೊಳ್ಳು ಬೇಡ, ತಂತಿಯ ನಡುಕವನ್ನು ಅದರ ಕೆಳಗೆ ಕೂರುವ ಪಿಕಪ್ಪಿನ ಆಯಸ್ಕಾಂತ, ತಾಮ್ರದ ಸುರುಳಿ ಕರೆಂಟಾಗಿ ಮಾಡುತ್ತವೆ ಅಂತ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಮತ್ತೆ ಮರ ಯಾಕೆ?" ಅಂದರು. ಈ ವಿಷಯಕ್ಕೆ ಗಿಟಾರಿನವರು ಇವತ್ತಿಗೂ ಜಗಳ ಆಡುತ್ತಾರೆ. ನಾನು ಚಹಾ ತರಿಸಿದೆ.

"ನುಡಿಸೋಕೆ ಬರುತ್ತಾ?" ಅಂತ ಕೇಳುವವರಿಗೂ ನನ್ನ ಹತ್ತಿರ ಉತ್ತರವಿದೆ. 1954ರಲ್ಲಿ ಸ್ಟ್ರಾಟೋಕಾಸ್ಟರ್ ಅನ್ನುವ ಹೆಸರಾಂತ ಎಲೆಕ್ಟ್ರಿಕ್ ಗಿಟಾರ್ ತಂದ ಲಿಯೋ ಫೆಂಡರ್‌ಗೇ ಗಿಟಾರ್ ನುಡಿಸಲು ಬರುತ್ತಿರಲಿಲ್ಲ.

ಕೊರೆದದ್ದಾಯಿತು, ಉಪ್ಪು ಕಾಗದದಲ್ಲಿ ಉಜ್ಜಿದ್ದಾಯಿತು. 120 ನಂಬರಿನ ಒರಟು ಕಾಗದದಿಂದ ಶುರು, ಆಮೇಲೆ 220, ಆಮೇಲೆ 320. ಹಲಸಿನ ಪುಡಿಯಿಂದ ತಲೆ, ಮೀಸೆ ಎಲ್ಲಾ ಹಳದಿ. ನಿಜವಾದ ಕಷ್ಟ ಲ್ಯಾಕರ್ ಪಾಲಿಶ್ ಹೊಡೆಯುವಾಗ ಬಂತು. ಥಿನ್ನರ್ ವಾಸನೆ ಅಡುಗೆಮನೆಗೆ ಬಂದರೆ ಊಟ ಇಲ್ಲ ಅಂತ ಅಮ್ಮ ಮೊದಲೇ ಹೇಳಿದ್ದರಿಂದ, ತಾರಸಿಯ ಬಟ್ಟೆ ತಂತಿಗೆ ಬಾಡಿಯನ್ನು ನೇತುಹಾಕಿದೆ. ಆಷಾಢದ ಗಾಳಿ. ಲ್ಯಾಕರಿನ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹೊಳೆಯಬೇಕಾದ ಮರಕ್ಕೆ ಬೂದಿ ಬಳಿದ ಹಾಗಾಯಿತು. "ಚೆನ್ನಾಗಿದೆ, ಸುಣ್ಣ ಹೊಡೆದಿದೀಯಾ?" ಅಂದರು ಅಮ್ಮ.

ಬಿಸಿಲು ಬಂದ ದಿನ ನಿಧಾನಕ್ಕೆ ಆರುವ ಥಿನ್ನರ್ ಬೆರೆಸಿ ಇನ್ನೊಂದು ಕೋಟ್ ಕೊಟ್ಟೆ. ಬಿಳುಪು ಮಾಯ. ಅಷ್ಟರಲ್ಲಿ ಒಂದು ಸೊಳ್ಳೆ ಬಂದು ಕೂತಿತು. ಇಷ್ಟು ದೊಡ್ಡ ತಾರಸಿ, ಪಕ್ಕದಲ್ಲೇ ನನ್ನ ಬರಿಗೈ. ಅದಕ್ಕೆ ಬೇಕಾದದ್ದು ಲ್ಯಾಕರ್! ಕಿತ್ತರೆ ಕಾಲು ಅಲ್ಲೇ ಉಳಿಯುತ್ತದೆ. ಒಣಗಿದ ಮೇಲೆ ಉಜ್ಜಿ ತೆಗೆಯಬೇಕು.

ಹಾಗೆ ಉಜ್ಜಿ, ಕೊನೆಯ ಕೋಟ್ ಹೊಡೆದು ಕೈ ತೊಳೆಯಲು ಕೆಳಗಿಳಿದೆ. ಬರುವಷ್ಟರಲ್ಲಿ ಎದುರುಮನೆ ಅಂಕಲ್ ಮೇಲೆ ಬಂದಿದ್ದರು. ಹಸಿ ಬಣ್ಣ ಕಂಡರೆ ನಮ್ಮ ಜನ ಕಣ್ಣನ್ನು ನಂಬುವುದಿಲ್ಲ, ಬೆರಳನ್ನೇ ನಂಬುವುದು. ನಾಲ್ಕು ಬೆರಳು ಕೆಳಗೆ ಮುಟ್ಟಿದ್ದರೆ ತಂತಿ ಕಟ್ಟುವ ಬ್ರಿಡ್ಜ್ ಕೂತು ಗುರುತು ಮುಚ್ಚಿಹೋಗುತ್ತಿತ್ತು. ಅಂಕಲ್ ಸರಿಯಾಗಿ ನಡುಮಧ್ಯೆ ಹೆಬ್ಬೆಟ್ಟು ಒತ್ತಿ, ಬೆರಳು ಮೂಸಿ ಹೇಳಿದರು: "ಇನ್ನೂ ಸ್ವಲ್ಪ ಹಸಿ ಇದೆ ಕಣಪ್ಪಾ. ಯಾರೂ ಮುಟ್ಟದ ಹಾಗೆ ನೋಡ್ಕೋ."