ನ್ವಾರ್ ಕಾಮಿಕ್ಸ್: ಇಷ್ಟೊಂದು ನೆತ್ತರು ಬೇಕೇ?

ಪರ: ಬೇಡವಾದವರು ಪುಸ್ತಕ ಮುಚ್ಚಲಿ

ಪರವಾಗಿ ಬರೆಯಬೇಕೆಂದು ಹೇಳಿದ್ದಾರೆ, ಬರೆಯುತ್ತೇನೆ. ಆದರೆ ನ್ವಾರ್ ಕಾಮಿಕ್ಸ್‌ನ, ಅಂದರೆ ಅಪರಾಧಲೋಕದ ಕರಾಳ ಚಿತ್ರಕಥೆಗಳ, ಹೆಸರಾಂತ ಮಾದರಿಯಾದ ಫ್ರಾಂಕ್ ಮಿಲ್ಲರ್ ಅವರ ‘ಸಿನ್ ಸಿಟಿ’ಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುವವರ ಪೈಕಿ ನಾನಲ್ಲ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ. ಅದನ್ನು ಓದಿ ‘ಛೀ’ ಎಂದವರನ್ನು ಕಂಡಿದ್ದೇನೆ, ‘ವಾಹ್’ ಎಂದವರನ್ನೂ ಕಂಡಿದ್ದೇನೆ. ‘ಛೀ’ ಎಂದವರು ಅಲ್ಲಿಗೇ ನಿಲ್ಲಿಸಿದ್ದರೆ ನನ್ನ ತಕರಾರೇನೂ ಇರುತ್ತಿರಲಿಲ್ಲ. ಅವರ ಮುಂದಿನ ವಾಕ್ಯ ಯಾವಾಗಲೂ ‘ಇಂಥದ್ದನ್ನೆಲ್ಲ ಯಾರು ಅಚ್ಚು ಹಾಕಲು ಬಿಡುತ್ತಾರೆ’ ಎಂದೇ ಇರುತ್ತದೆ. ಆ ವಾಕ್ಯಕ್ಕೆ ಒಂದು ಚರಿತ್ರೆ ಇದೆ.

1954ರ ಏಪ್ರಿಲ್‌ನಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯೊಂದು ಬಾಲಾಪರಾಧಕ್ಕೂ ಕಾಮಿಕ್ಸ್‌ಗೂ ಇರುವ ನಂಟನ್ನು ಹುಡುಕಿಕೊಂಡು ನ್ಯೂಯಾರ್ಕ್‌ನಲ್ಲಿ ವಿಚಾರಣೆಗೆ ಕುಳಿತಿತು. ಸೆನೆಟರ್ ಎಸ್ಟಿಸ್ ಕೆಫಾವರ್ ಒಂದು ಮುಖಪುಟವನ್ನು ಎತ್ತಿ ಹಿಡಿದರು. ಅದರಲ್ಲಿ ಒಬ್ಬನ ಒಂದು ಕೈಯಲ್ಲಿ ಕೊಡಲಿ, ಇನ್ನೊಂದರಲ್ಲಿ ಹೆಂಗಸಿನ ಕಡಿದ ತಲೆ. ಇದು ಸದಭಿರುಚಿಯೇ ಎಂದು ಪ್ರಕಾಶಕ ವಿಲಿಯಂ ಗೇನ್ಸ್ ಅವರನ್ನು ಕೇಳಿದರು. ಭಯಾನಕ ಕಾಮಿಕ್ಸ್‌ನ ಮುಖಪುಟವಾಗಿ ಹೌದು ಎಂದರು ಗೇನ್ಸ್. ತಲೆಯನ್ನು ಇನ್ನಷ್ಟು ಮೇಲೆತ್ತಿ, ಕತ್ತಿನಿಂದ ರಕ್ತ ತೊಟ್ಟಿಕ್ಕುವುದನ್ನು ತೋರಿಸಿದ್ದರೆ ಅದು ಕೆಟ್ಟ ಅಭಿರುಚಿ ಆಗುತ್ತಿತ್ತು ಎಂಬ ವಿವರಣೆಯನ್ನೂ ಕೊಟ್ಟರು. ಪಾಪ, ಪ್ರಾಮಾಣಿಕ ಉತ್ತರ. ಅದೇ ಅವರ ಕುತ್ತಿಗೆಗೆ ಬಂತು. ಅದೇ ವರ್ಷ ಉದ್ಯಮವೇ ಹೆದರಿ ತನಗೆ ತಾನೇ ನೀತಿ ಸಂಹಿತೆಯ ಮೂಗುದಾರ ಹಾಕಿಕೊಂಡಿತು. ಒಳ್ಳೆಯದು ಪ್ರತಿ ಸಲವೂ ಗೆಲ್ಲಲೇಬೇಕು, ಅಪರಾಧಿಗೆ ಶಿಕ್ಷೆ ಆಗಲೇಬೇಕು ಎಂಬುದು ನಿಯಮ. ಗೇನ್ಸ್ ತಮ್ಮ ಭಯಾನಕ ಹಾಗೂ ಅಪರಾಧ ಪತ್ರಿಕೆಗಳ ಬಾಗಿಲು ಹಾಕಿದರು.

ಈ ಗದ್ದಲಕ್ಕೆಲ್ಲ ಶಾಸ್ತ್ರದ ಬಲ ಕೊಟ್ಟವರು ಮನೋವೈದ್ಯ ಫ್ರೆಡ್ರಿಕ್ ವರ್ಥಮ್. 2012ರಲ್ಲಿ ಕ್ಯಾರಲ್ ಟಿಲ್ಲಿ ಎಂಬ ಸಂಶೋಧಕಿ ವರ್ಥಮ್ ಅವರ ಖಾಸಗಿ ಕಾಗದಪತ್ರಗಳನ್ನು ತೆರೆದು ನೋಡಿ, ಮಕ್ಕಳ ಹೇಳಿಕೆಗಳನ್ನು ಅವರು ತಮಗೆ ಬೇಕಾದಂತೆ ತಿದ್ದಿ, ಉಬ್ಬಿಸಿ ಬಳಸಿದ್ದರೆಂದು ತೋರಿಸಿದರು. ಅಷ್ಟರಲ್ಲಿ ಎಷ್ಟೋ ಚಿತ್ರಕಾರರ ಅನ್ನ ಹೋಗಿ ದಶಕಗಳೇ ಕಳೆದಿದ್ದವು. ಕೆನಡಾ 1949ರಲ್ಲಿ ಅಪರಾಧ ಕಾಮಿಕ್ಸ್ ಅನ್ನು ಕಾನೂನುಬಾಹಿರ ಮಾಡಿತ್ತು. ಆ ಕಲಮು ಅಲ್ಲಿನ ಅಪರಾಧ ಸಂಹಿತೆಯಿಂದ ಹೊರಬಿದ್ದದ್ದು 2018ರಲ್ಲಿ! ಅಸಹ್ಯವನ್ನು ಕಾನೂನು ಮಾಡಲು ಒಂದು ಸಂಜೆ ಸಾಕು, ತೆಗೆಯಲು ಎರಡು ತಲೆಮಾರು ಬೇಕು.

ಇನ್ನು ಕೃತಿಯ ಮಾತು. 1991ರಲ್ಲಿ ಶುರುವಾದ ‘ಸಿನ್ ಸಿಟಿ’ಯ ಮೊದಲ ಕಥೆಯಲ್ಲಿ ಕೆಂಪು ಬಣ್ಣವೇ ಇಲ್ಲ. ಬೂದು ಕೂಡ ಇಲ್ಲ. ಕಪ್ಪು, ಬಿಳಿ, ಅಷ್ಟೇ. ಮಳೆಯೆಂದರೆ ಕಪ್ಪಿನ ಮೇಲೆ ಚಾಕುವಿನಿಂದ ಗೀಚಿದಂತಿರುವ ಬಿಳಿ ಗೆರೆಗಳು. ನರಭಕ್ಷಕ ಕೆವಿನ್ ಕತ್ತಲಲ್ಲಿ ನಿಂತಾಗ ಕಾಣುವುದು ಕನ್ನಡಕದ ಎರಡು ಬಿಳಿ ಬಿಲ್ಲೆಗಳು ಮಾತ್ರ. ಭಯಪಡಿಸುವುದು ಆ ಬಿಲ್ಲೆಗಳು, ನೆತ್ತರಲ್ಲ. ಕಾಮಿಕ್ಸ್ ಕಲೆಯ ಬಗ್ಗೆಯೇ ಕಾಮಿಕ್ಸ್ ಬರೆದ ಸ್ಕಾಟ್ ಮೆಕ್ಲೌಡ್ 1993ರಲ್ಲಿ ಒಂದು ಚಮತ್ಕಾರ ಮಾಡಿ ತೋರಿಸಿದರು. ಒಂದು ಚೌಕದಲ್ಲಿ ಕೊಡಲಿ ಎತ್ತಿದವನು, ಮುಂದಿನದರಲ್ಲಿ ರಾತ್ರಿಯ ನಗರ ಮತ್ತು ಒಂದು ಚೀತ್ಕಾರ. ಹೊಡೆತ ಎಲ್ಲೂ ಇಲ್ಲ. ಎರಡು ಚೌಕಗಳ ನಡುವಿನ ಖಾಲಿ ಜಾಗದಲ್ಲಿ ಕೊಡಲಿಯನ್ನು ಇಳಿಸಿದವರು ಓದುಗರೇ. ಹಾಗಿದ್ದ ಮೇಲೆ ಅಸಹ್ಯವಾಯಿತೆಂದು ದೂರುವವರು ಯಾರನ್ನು ದೂರುತ್ತಿದ್ದಾರೆ?

ಸ್ತ್ರೀ ಪಾತ್ರಗಳ ಬಗ್ಗೆ ಆಕ್ಷೇಪ ಬರುತ್ತದೆಂದು ಗೊತ್ತು. ಅಲ್ಲಿ ಕತ್ತಿ ಹಿಡಿದ ಮಿಹೋ ಕೂಡ ಇದ್ದಾಳೆ ಎಂದಷ್ಟೇ ಹೇಳುತ್ತೇನೆ. ಮತ್ತೆ, ಕಥಾನಾಯಕ ಮಾರ್ವ್ ಕೊನೆಗೆ ಕೂರುವುದು ಸಿಂಹಾಸನದ ಮೇಲಲ್ಲ, ವಿದ್ಯುತ್ ಕುರ್ಚಿಯ ಮೇಲೆ. 1954ರ ಸಂಹಿತೆ ಕೇಳಿದ್ದೂ ಅದನ್ನೇ ಅಲ್ಲವೇ?

ಮಲಗುವ ಮುನ್ನ ಒಂದು ನೀತಿಕಥೆ ಓದಿ ಕೈಮುಗಿಯುವ ಓದುಗರಿಗೆ ಬೇರೆ ಪುಸ್ತಕಗಳಿವೆ. ಒಂದೆರಡು ಅಧ್ಯಾಯಗಳನ್ನು ನಾನೂ ಸರಸರನೆ ಮಗುಚಿದ್ದೇನೆ, ಯಾರೂ ತಡೆಯಲಿಲ್ಲ. ಮಗುಚುವ ಹಕ್ಕು ನನ್ನದು, ಬರೆಯುವ ಹಕ್ಕು ಅವರದು.

ವಿರೋಧ: ನೋವೇ ಇಲ್ಲದ ಹಿಂಸೆ

ಪರ ವಹಿಸುವವರು ವರ್ಥಮ್ ಸಾಹೇಬರನ್ನು ಎಳೆದು ತಂದೇ ತರುತ್ತಾರೆ. ಅನುಕೂಲದ ಎದುರಾಳಿ, ತೀರಿಕೊಂಡು ಬಹಳ ಕಾಲವಾಗಿದೆ, ಉತ್ತರ ಕೊಡುವುದಿಲ್ಲ. ನಾನು ನಿಷೇಧ ಕೇಳುತ್ತಿಲ್ಲ. ಯಾವ ಸಮಿತಿಯೂ ಬೇಡ, ಸಂಹಿತೆಯೂ ಬೇಡ. ಹಳೆಯ ಕಥೆಗಳನ್ನೇ ಹೇಳುವುದಾದರೆ ನನ್ನ ಬಳಿಯೂ ಒಂದಿದೆ. ‘ಅಪರಾಧದಿಂದ ಫಲವಿಲ್ಲ’ ಎಂಬರ್ಥದ ಹೆಸರಿಟ್ಟುಕೊಂಡು 1942ರಿಂದ ಅಮೆರಿಕದಲ್ಲಿ ಭರ್ಜರಿಯಾಗಿ ಮಾರಾಟವಾದ ಕಾಮಿಕ್ಸ್ ಪತ್ರಿಕೆಯ ಸಂಪಾದಕರಲ್ಲಿ ಒಬ್ಬರಾದ ಬಾಬ್ ವುಡ್, 1958ರಲ್ಲಿ ಹೋಟೆಲ್ ಕೋಣೆಯೊಂದರಲ್ಲಿ ಒಬ್ಬ ಹೆಂಗಸನ್ನು ಹೊಡೆದು ಕೊಂದು ಜೈಲಿಗೆ ಹೋದರು. ಇದರಿಂದ ಏನೂ ಸಾಬೀತಾಗುವುದಿಲ್ಲ, ಬಲ್ಲೆ. ಆದರೂ ಹೇಳದಿರಲು ಮನಸ್ಸು ಬರಲಿಲ್ಲ.

ರಕ್ತ ಕಂಡರೆ ತಲೆ ತಿರುಗುವವಳು ನಾನಲ್ಲ. ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್ ಆಗಿ ರಾತ್ರಿ ಪಾಳಿಗಳಲ್ಲೇ ಅರ್ಧ ಆಯಸ್ಸು ಕಳೆದವಳು. ಇಂಥ ಪುಸ್ತಕಗಳ ಅಭಿಮಾನಿಗಳ ಬಾಯಲ್ಲಿ ‘ಕಟು ವಾಸ್ತವ’ ಎಂಬ ಮಾತು ಕೇಳಿದಾಗ ಮಾತ್ರ ನನಗೆ ಸಿಟ್ಟು ನೆತ್ತಿಗೇರುತ್ತದೆ. ಯಾವ ವಾಸ್ತವ? ಮಾರ್ವ್‌ಗೆ ಕಾರು ಗುದ್ದುತ್ತದೆ, ಅದೇ ಕಾರು ಮತ್ತೆ ಬಂದು ಗುದ್ದುತ್ತದೆ, ಗುಂಡು ಬೀಳುತ್ತದೆ, ದೊಡ್ಡ ಸುತ್ತಿಗೆಯ ಪೆಟ್ಟು ಬೀಳುತ್ತದೆ. ಮುಖದ ಮೇಲೆ ನಾಲ್ಕು ಬಿಳಿ ಪಟ್ಟಿ ಅಂಟಿಸಿಕೊಂಡು ಅವನು ಮತ್ತೆ ಬೇಟೆಗೆ ಹೊರಡುತ್ತಾನೆ. ಮೂತ್ರ ಕಟ್ಟುವುದಿಲ್ಲ, ಜ್ವರ ಬರುವುದಿಲ್ಲ, ಹೊಲಿಗೆ ಕೀವು ತುಂಬುವುದಿಲ್ಲ.

ಇರಿತಕ್ಕೊಳಗಾದ ಒಬ್ಬ ಯುವಕ ಒಂದು ರಾತ್ರಿ ತಾನೇ ನಡೆದು ಬಂದ. ಎಡ ಪಕ್ಕೆಲುಬಿನ ಕೆಳಗೆ ಗಾಯ, ಹೊರಗಿನಿಂದ ನೋಡಿದರೆ ಗುಂಡಿಯ ಕಾಜಿನಷ್ಟೇ ಚಿಕ್ಕದು. ಅಂಗಿ ತೆಗೆಯಲು ನಾನು ಕತ್ತರಿ ಹಿಡಿದರೆ ಕೈ ಅಡ್ಡ ಹಿಡಿದ. “ಕತ್ತರಿಸಬೇಡಿ ಸಿಸ್ಟರ್, ಇದು ಅಣ್ಣನದು, ಕೇಳದೆ ಹಾಕಿಕೊಂಡು ಬಂದಿದ್ದೇನೆ” ಎಂದ. ರಕ್ತದೊತ್ತಡ ಇಳಿಯುತ್ತಿತ್ತು, ತುಟಿ ಬಿಳಿಚುತ್ತಿತ್ತು, ಅವನಿಗೆ ಅಂಗಿಯದೇ ಚಿಂತೆ. ಕೊನೆಗೆ ಗುಂಡಿಗಳನ್ನು ಒಂದೊಂದಾಗಿ ಬಿಚ್ಚುವಂತೆ ನಟಿಸುತ್ತ ಬೆನ್ನಿನ ಕಡೆಯಿಂದ ಕತ್ತರಿಸಿದೆ. ಅವನು ಬದುಕಿದ. ಆದರೆ ಬದುಕಿದ ಎಂದರೆ ಏನು? ಎಷ್ಟೋ ವಾರಗಳ ಕಾಲ ಗಾಯ ತೊಳೆಸಿಕೊಳ್ಳಲು ಬರುತ್ತಿದ್ದ. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಅವುಚಿಕೊಳ್ಳುತ್ತಿದ್ದ. ಹಿಂದಿನಿಂದ ಯಾರಾದರೂ ಟ್ರಾಲಿ ತಳ್ಳಿಕೊಂಡು ಬಂದರೆ ಬೆಚ್ಚಿ ಗೋಡೆಗೆ ಒರಗುತ್ತಿದ್ದ. ಅಣ್ಣ ಜೊತೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ. ಅಂಗಿಯ ಮಾತು ಇಬ್ಬರೂ ಎತ್ತಲಿಲ್ಲ. ಒಂದು ಇರಿತದ ಹಿಂದೆ ಇಷ್ಟು ಉದ್ದದ ಬಾಲ ಇರುತ್ತದೆ. ನ್ವಾರ್ ಕಾಮಿಕ್ಸ್ ಇರಿತವನ್ನು ಇಡೀ ಪುಟದ ತುಂಬ ಬರೆಯುತ್ತದೆ, ಬಾಲವನ್ನು ಕತ್ತರಿಸಿ ಎಸೆಯುತ್ತದೆ.

ಕೆವಿನ್‌ನ ಸಾವನ್ನೇ ನೋಡಿ. ಮಾರ್ವ್ ಅವನ ಕೈಕಾಲು ಕತ್ತರಿಸಿ ತೋಳಕ್ಕೆ ಹಾಕುತ್ತಾನೆ. ಕೆವಿನ್ ಕೊನೆಯವರೆಗೂ ಬಾಯಿ ಬಿಡುವುದಿಲ್ಲ, ಮುಖ ಶಾಂತ. ಅದು ಭೀಕರ ಎಂದು ಓದುಗರು ಮೈಮರೆಯುತ್ತಾರೆ. ನನಗೆ ಅದು ಅನುಕೂಲಶಾಸ್ತ್ರವಾಗಿ ಕಂಡಿತು. ಅವನು ಕಿರುಚಿದ್ದರೆ ಓದುಗರಿಗೆ ಮಾರ್ವ್‌ನ ಬಗ್ಗೆ ಏನೋ ಅನ್ನಿಸಬೇಕಾಗುತ್ತಿತ್ತು. ಕಿರುಚದ ದೇಹವನ್ನು ಎಷ್ಟು ಬೇಕಾದರೂ ಕತ್ತರಿಸಬಹುದು.

ಕಪ್ಪು-ಬಿಳುಪಿನ ಸೊಗಸನ್ನು ಪುಟಗಟ್ಟಲೆ ಹೊಗಳುತ್ತಾರೆ. ಹೊಗಳಲಿ. ಮಸಿ ಚೆನ್ನಾಗಿದೆ ಎಂದು ಯಾರೂ ಸುಳ್ಳು ಪತ್ರಕ್ಕೆ ರುಜು ಹಾಕುವುದಿಲ್ಲ.

ಮತ್ತು ಹೆಣ್ಣುಗಳು. ಗೋಲ್ಡಿ ಎಂಬ ಪಾತ್ರಕ್ಕೆ ಒಂದು ರಾತ್ರಿಯ ಆಯಸ್ಸು. ಬೆಳಗಾಗುವ ಮೊದಲೇ ಮಾರ್ವ್‌ನ ಪಕ್ಕದಲ್ಲಿ ಹೆಣವಾಗಿರುತ್ತಾಳೆ, ಅವನ ಸಿಟ್ಟಿಗೆ ಬೆಂಕಿ ಹಚ್ಚುವುದಷ್ಟೇ ಅವಳ ಕೆಲಸ. ಲೂಸಿಲ್ ಅವನ ಪೆರೋಲ್ ಅಧಿಕಾರಿ, ಬುದ್ಧಿವಂತೆ, ನೌಕರಿಯಲ್ಲಿರುವವಳು. ಕೆವಿನ್ ಅವಳ ಕೈಯನ್ನು ತಿಂದುಹಾಕುತ್ತಾನೆ, ಆಮೇಲೆ ಪೊಲೀಸರ ಗುಂಡಿಗೆ ಸಾಯುತ್ತಾಳೆ. ಇಷ್ಟರ ನಡುವೆ ಅವಳ ಮೈಮೇಲೆ ಬಟ್ಟೆ ಉಳಿಸುವುದೂ ಚಿತ್ರಕಾರರಿಗೆ ಬೇಕಿರಲಿಲ್ಲ. 1999ರಲ್ಲಿ, ಮುಂದೆ ಕಾಮಿಕ್ಸ್ ಲೇಖಕಿಯಾದ ಗೇಲ್ ಸಿಮೋನ್ ಅವರು ಕಾಮಿಕ್ಸ್‌ನಲ್ಲಿ ಗಂಡಸಿನ ಕಥೆ ಮುಂದೆ ಸಾಗಲೆಂದು ಕೊಲೆಯಾದ, ಅಂಗಭಂಗಗೊಂಡ ಹೆಣ್ಣು ಪಾತ್ರಗಳ ಪಟ್ಟಿ ಮಾಡಿದರು. ಅದು ಸೂಪರ್‌ಹೀರೋಗಳ ಲೋಕದ ಪಟ್ಟಿ. ನ್ವಾರ್‌ಗೆ ಬಂದರೆ ಪಟ್ಟಿ ಬೇಕಿಲ್ಲ, ಯಾವ ಪುಟ ತೆರೆದರೂ ಸಾಕು. ಒಬ್ಬಳ ಕೈಗೆ ಕತ್ತಿ ಕೊಟ್ಟ ಮಾತ್ರಕ್ಕೆ ಈ ಲೆಕ್ಕ ಚುಕ್ತಾ ಆಗುವುದಿಲ್ಲ.

‘ಇಷ್ಟವಿಲ್ಲದಿದ್ದರೆ ಓದಬೇಡ’ ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಓದಿದ ಮೇಲಲ್ಲವೇ ಇಷ್ಟವಿಲ್ಲ ಎಂದು ತಿಳಿಯುವುದು? ಪುಸ್ತಕ ಕೊಂಡು, ಕೊನೆಯವರೆಗೆ ಓದಿ, ಇದು ಪೊಳ್ಳು ಎಂದವರನ್ನು ಅಳ್ಳೆದೆಯವರು ಎಂದು ಗೇಲಿ ಮಾಡುವುದು ಯಾವ ನ್ಯಾಯ? ಹೊಗಳಿದರೆ ವಿಮರ್ಶೆ, ಅಸಹ್ಯಪಟ್ಟರೆ ದೌರ್ಬಲ್ಯ!

ಹಿಂಸೆಯನ್ನು ಬರೆಯಲೇಬಾರದು ಎನ್ನುವುದಾದರೆ 1998ರ ‘ರೋಡ್ ಟು ಪರ್ಡಿಷನ್’ ನನಗೆ ಹಿಡಿಸಬಾರದಿತ್ತು. ಮ್ಯಾಕ್ಸ್ ಆ್ಯಲನ್ ಕಾಲಿನ್ಸ್ ಬರೆದು ರಿಚರ್ಡ್ ಪಿಯರ್ಸ್ ರೇನರ್ ಚಿತ್ರ ಬಿಡಿಸಿದ ಆ ಕಪ್ಪು-ಬಿಳುಪು ಪುಸ್ತಕದಲ್ಲಿ ಹೆಣಗಳಿಗೇನೂ ಬರವಿಲ್ಲ. ಆದರೆ ಅಲ್ಲಿ ಕೊಲೆಗಾರ ತಂದೆಯ ಕೆಲಸವನ್ನು ಕಾರಿನಲ್ಲಿ ಅಡಗಿ ಕುಳಿತು ನೋಡುವ ಮಗನಿದ್ದಾನೆ, ಬೆಳೆದು ದೊಡ್ಡವನಾದ ಮೇಲೂ ಅದನ್ನೇ ನೆನೆಯುತ್ತ ಕಥೆ ಹೇಳುವವನು ಅವನೇ. ಗುಂಡು ಹಾರಿದ ಮೇಲೆ ಆ ಹುಡುಗನ ಮುಖ ಏನಾಯಿತು ಎಂದು ನೋಡಲು ಪುಸ್ತಕ ನಿಲ್ಲುತ್ತದೆ. ‘ಸಿನ್ ಸಿಟಿ’ಯ ಮೊದಲ ಕಥೆಯನ್ನು ನಾನು ಎರಡನೆಯ ಸಲ ಓದಿದ್ದು ಅಂಥ ಒಂದು ಮುಖಕ್ಕಾಗಿ. ಸಿಗಲಿಲ್ಲ.